ಒಗಟಿನ ಕೌದಿ

ಮಾಡುವ ಕೆಲಸದ ಕೊನೆಯನ್ನು ಕಂಡು ಕೈಹಾಕುವವನನ್ನು ವಿವೇಕಿಯೆಂದೂ, ಕಾಣದೆ ಕೈಹಾಕುವವನನ್ನು ಅವಿವೇಕಿಯೆಂದೂ ಲೋಕವು ಎಣಿಸುತ್ತದೆ. ಕೂರಿಗೆ ಹೂಡಿದ ಒಕ್ಕಲಿಗನಿಗೆ ತಾನು ಬಿತ್ತುತ್ತಿರುವುದು ಜೋಳವೋ ಕಡಲೆಯೋ ಗೊತ್ತಿರುತ್ತದೆ. ತಳಪಾಯ ತೋಡಿಸುವವನಿಗೆ ಮನೆಯ ಅಂಕಣಗಳೆಷ್ಟೆಂಬುದು ಗೊತ್ತಿರುತ್ತದೆ. ಹೀಗಿರಲು, ಕೊನೆಯನ್ನು ಕಾಣದಿರುವುದನ್ನೇ ಒಂದು ವಿನೋದವನ್ನಾಗಿ ಮಾಡಿಕೊಂಡ ಜನರೂ ಉಂಟೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಳೆದ ಮಾರ್ಗಶಿರದಲ್ಲಿ ಅದನ್ನು ಕಣ್ಣಾರೆ ಕಂಡೆನು. ಕಂಡಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಹಳೆಯ ಪ್ರಶ್ನೆ ಹೊಸದಾಗಿ ಎದ್ದು ನಿಂತಿದೆ. ಅದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ನನ್ನ ತಂಗಿಯ ಮಗಳು ಅಮೇರಿಕಾ ದೇಶದಲ್ಲಿ ಸಂಸಾರ ಹೂಡಿ ಹನ್ನೆರಡು ವರ್ಷಗಳಾದುವು. ಈ ಸಲ ಊರಿಗೆ ಬಂದವಳು ಸಂಕ್ರಾಂತಿಯವರೆಗೆ ನಿಂತಳು. ಬರುವಾಗ ಒಂದು ಚೀಲದ ತುಂಬ ಬಣ್ಣ ಬಣ್ಣದ ಅರಿವೆಯ ತುಂಡುಗಳನ್ನು ತಂದಿದ್ದಳು. ದಿನವೂ ಊಟವಾದ ಮೇಲೆ ತನ್ನ ತಾಯಿಯ ಹಳೆಯ ಹೊಲಿಗೆಯಂತ್ರದ ಮುಂದೆ ಕುಳಿತು ಸಣ್ಣ ಚೌಕಗಳನ್ನೂ ಮುಕ್ಕೋನಗಳನ್ನೂ ಒಂದಕ್ಕೊಂದು ಕೂಡಿಸಿ ಹೊಲಿಯುವಳು. ನೂರಾದ ಕೂಡಲೆ ದಾರ ಕಟ್ಟಿ ಬದಿಗಿಡುವಳು. ಒಂದು ದಿನ ತಡೆಯಲಾರದೆ ಕೇಳಿದೆ:

“ಇದು ಕಡೀಕ ಏನಾಗತದವ್ವಾ?”

“ಗೊತ್ತಿಲ್ರೀ ಮಾಮಾ. ಇನ್ನೂ ನಾಲ್ಕು ವಾರ ಹೋಗಬೇಕು.”

“ಗೊತ್ತಿಲ್ಲದ್ದನ್ನ ಹೆಂಗ ಹೊಲೀತೀ?”

“ಹೇಳಿದ ಅಳತೀಗೆ ಹೊಲೀತೀನ್ರೀ,” ಎಂದು ನಕ್ಕಳು.

ಆಮೇಲೆ ಅವಳು ವಿವರಿಸಿದುದು ಇಷ್ಟು. ಆ ದೇಶದಲ್ಲಿ ಕ್ವಿಲ್ಟೆಂಬ ಹೊದಿಕೆಯನ್ನು ಹೊಲಿಯುವುದು ತಲೆಮಾರುಗಳಿಂದ ಬಂದ ಗೃಹಕಲೆ. ನಮ್ಮ ಕೌದಿಗೆ ಅದು ಹತ್ತಿರದ ನಂಟಿನದು. ಮೇಲೆ ತುಂಡುಗಳನ್ನು ಜೋಡಿಸಿದ ಚಿತ್ತಾರದ ಪದರ, ನಡುವೆ ಹತ್ತಿಯ ಪದರ, ಕೆಳಗೆ ಒಂದು ಅರಿವೆ. ಮೂರನ್ನೂ ಸೇರಿಸಿ ಹೊಲಿದರೆ ಕ್ವಿಲ್ಟು. ಹಿಂದೆ ಅಲ್ಲಿಯ ವೃತ್ತಪತ್ರಿಕೆಗಳು ಇದರ ಮಾದರಿಗಳನ್ನು ಅಚ್ಚುಹಾಕುತ್ತಿದ್ದುವು. ‘ಕ್ಯಾನ್ಸಸ್ ಸಿಟಿ ಸ್ಟಾರ್’ ಎಂಬ ಪತ್ರಿಕೆಯು ೧೯೨೮ರಿಂದ ೧೯೬೧ರವರೆಗೆ ಇಂಥ ಮಾದರಿಗಳನ್ನು ಪ್ರಕಟಿಸಿತು. ಕೆಲವು ಪತ್ರಿಕೆಗಳು ಒಂದೇ ಕ್ವಿಲ್ಟಿನ ಚೌಕಗಳನ್ನು ಕಂತುಕಂತಾಗಿ ಕೊಟ್ಟು, ಮುಂದಿನ ಕಂತಿಗಾಗಿ ಗೃಹಿಣಿಯರು ಕಾಯುವಂತೆ ಮಾಡುತ್ತಿದ್ದುವು. ಒಗಟಿನ ಕ್ವಿಲ್ಟೆಂಬುದು ಇದೇ ಕಾಯುವಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದ ಆಟ. ಇಲ್ಲಿ ಪೂರ್ಣಚಿತ್ರವನ್ನು ಯಾರಿಗೂ ತೋರಿಸುವುದಿಲ್ಲ. ಮೊದಲು ಯಾವ ಬಣ್ಣದ ಅರಿವೆ ಎಷ್ಟು ಬೇಕೆಂಬ ಪಟ್ಟಿ ಮಾತ್ರ ಬರುತ್ತದೆ: ನೆಲಕ್ಕೆ ತಿಳಿಯಾದುದು ಇಷ್ಟು ಗಜ, ಗಾಢವಾದುದು ಇಷ್ಟು, ನಡುತರದ್ದು ಇಷ್ಟು. ಅನಂತರ ವಾರಕ್ಕೊಂದರಂತೆ ಸೂಚನೆಗಳು ಬರುತ್ತವೆ. ಎರಡೂವರೆ ಅಂಗುಲದ ಚೌಕಗಳನ್ನು ಇಷ್ಟು ಕತ್ತರಿಸಿರಿ, ಅವುಗಳ ಮೂಲೆಗೆ ಮುಕ್ಕೋನ ಕೂಡಿಸಿರಿ ಎಂದು ಒಂದು ವಾರ. ಪಟ್ಟಿಗಳನ್ನು ಉದ್ದಕ್ಕೆ ಹೊಲಿದು ಅಡ್ಡಕ್ಕೆ ಕತ್ತರಿಸಿರಿ ಎಂದು ಇನ್ನೊಂದು ವಾರ. ಕಟ್ಟಕಡೆಯ ಸೂಚನೆಯಲ್ಲಿಯೇ ಇವೆಲ್ಲ ಎಲ್ಲೆಲ್ಲಿ ಕೂರಬೇಕೆಂಬುದು ಬಯಲಾಗುತ್ತದೆ. ಬಾನಿ ಹಂಟರ್ ಎಂಬ ಹೆಸರಾಂತ ಕ್ವಿಲ್ಟುಗಾರ್ತಿ ನವೆಂಬರ್ ತಿಂಗಳ ಕೃತಜ್ಞತಾದಿನದ ಹಬ್ಬ ಮುಗಿದೊಡನೆ ಇಂಥದೊಂದನ್ನು ಆರಂಭಿಸುವ ವಾಡಿಕೆಯನ್ನು ಹಲವು ವರ್ಷ ನಡೆಸಿಕೊಂಡು ಬಂದವರು. ೨೦೧೬ರ ಅವರ ಒಗಟಿಗೆ ಫ್ರಾನ್ಸಿನ ಪ್ರಾವೆನ್ಸ್ ಸೀಮೆಯ ಹೆಸರು. ಸಾವಿರಾರು ಜನ ನೇರಿಳೆ, ಹಳದಿ, ಹಸಿರು ತುಂಡುಗಳನ್ನು ಮುಂದಿಟ್ಟುಕೊಂಡು, ಅವು ಏನಾಗುವುವೆಂದು ತಿಳಿಯದೆಯೇ ಹೊಲಿದರಂತೆ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟುಂಟು. ಎರಡು ತುಂಡುಗಳನ್ನು ಕೂಡಿಸುವಾಗ ಅಂಚಿನಿಂದ ಸರಿಯಾಗಿ ಕಾಲು ಅಂಗುಲ ಒಳಗೆ ಹೊಲಿಗೆ ಬೀಳಬೇಕು. ಅದರಲ್ಲಿ ಒಂದು ವೀಸ, ಎಂದರೆ ಅಂಗುಲದ ೧/೧೬ ಪಾಲು ಹೆಚ್ಚಾದರೆ, ಆ ತುಂಡಿನಲ್ಲಿ ಒಂದು ವೀಸ, ಈ ತುಂಡಿನಲ್ಲಿ ಒಂದು ವೀಸ, ಕೂಡಿ ಎರಡು ವೀಸ ಕುಗ್ಗುತ್ತದೆ. ಸಾಲಿನಲ್ಲಿ ೧೬ ಹೊಲಿಗೆಗಳಿದ್ದರೆ ಸಾಲು ಎರಡು ಅಂಗುಲ ಗಿಡ್ಡವಾಗಿ, ಪಕ್ಕದ ಸಾಲಿನೊಡನೆ ಹೊಂದದೆ ಹೋಗುತ್ತದೆ. ಚಿತ್ರ ಕಣ್ಣ ಮುಂದಿದ್ದರೆ ಎಲ್ಲಿ ಎಳೆಯಬಹುದು, ಎಲ್ಲಿ ಸಡಿಲಿಸಬಹುದು ಎಂದು ತಿಳಿದೀತು. ಚಿತ್ರ ಕಾಣದವಳಿಗೆ ಆ ಸ್ವಾತಂತ್ರ್ಯವಿಲ್ಲ. ಯಾವ ತುಂಡು ಮುಖ್ಯವೆಂದು ತಿಳಿಯದಿರುವುದರಿಂದ ಎಲ್ಲ ತುಂಡುಗಳನ್ನೂ ಮುಖ್ಯವೆಂದೇ ಎಣಿಸಿ ಹೊಲಿಯಬೇಕು.

ಈ ಮಾತನ್ನು ಕೇಳಿದಾಗ ನನಗೆ ಬಹಳ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಹಿರಿಯರು ಕರ್ಮಯೋಗವೆಂದು ಕರೆದುದು ಇದೇ ಅಲ್ಲವೆ? ಫಲವನ್ನು ಎಣಿಸದೆ, ಕೈಯಲ್ಲಿರುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು. ದೊಡ್ಡದು ಚಿಕ್ಕದೆಂಬ ಭೇದವೆಣಿಸದೆ ಪ್ರತಿಯೊಂದು ಹೊಲಿಗೆಯಲ್ಲಿಯೂ ಮನಸ್ಸಿಡುವುದು. ಕೊನೆಯನ್ನು ಕಂಡವನು ಕೊನೆಗಾಗಿ ಅವಸರಪಡುತ್ತಾನೆ. ಮುಂದೆ ಬರುವ ಮೆಚ್ಚಿಗೆಯನ್ನು ನೆನೆಯುತ್ತ ಇಂದಿನ ತುಂಡನ್ನು ಒರಟಾಗಿ ಹೊಲಿಯುತ್ತಾನೆ. ಕೊನೆಯನ್ನು ಕಾಣದವಳಿಗೆ ಇಂದಿನ ತುಂಡೊಂದೇ ಗತಿ. ಮನೆಗೆ ಬಂದ ಗೆಳೆಯರಿಗೆಲ್ಲ ನಾನು ಇದನ್ನು ಒಂದು ದೃಷ್ಟಾಂತವಾಗಿ ಹೇಳಿ ತಲೆದೂಗಿಸಿದೆನು.

ಆದರೆ ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ, ನಾನೂ ಒಮ್ಮೆ ಇಂಥ ಒಗಟಿನ ಕೌದಿಯನ್ನು ಹೊಲಿದವನೇ ಎಂಬುದು ನೆನಪಿಗೆ ಬಂದಿತು.

ನಲವತ್ತು ವರ್ಷಗಳ ಹಿಂದಿನ ಮಾತು. ಒಂದು ಕಚೇರಿಯಲ್ಲಿ ನಾನು ಹೊಸದಾಗಿ ಸೇರಿದ ಗುಮಾಸ್ತ. ಊರಿನ ಒಂದು ಓಣಿಯ ಮನೆಗಳ ತಖ್ತೆಯನ್ನು ತಯಾರಿಸಬೇಕೆಂದು ಅಪ್ಪಣೆಯಾಯಿತು. ಯಜಮಾನನ ಹೆಸರು, ಮನೆಯ ಅಳತೆ, ದಾಖಲೆ, ಷರಾ ಎಂದು ನಾಲ್ಕು ಅಂಕಣಗಳು. ಏಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೇಪು ಹಿಡಿದು ಮನೆಮನೆಗೆ ಹೋದೆನು. ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ದಾಖಲೆಯನ್ನು ಕೇಳಿದಾಗ, “ಕಾಗದ ಮೈದುನನ ಪೆಟ್ಟಿಗ್ಯಾಗ ಅದಾವಪ್ಪಾ. ಅಂವ ಯುಗಾದಿಗೆ ಬರ್ತಾನ, ಆವಾಗ ತರಸತೀನಿ,” ಎಂದಳು. ಷರಾ ಬರೆಯುವ ಅಂಕಣವು ಎರಡು ಬೆರಳಿನಷ್ಟು ಅಗಲವಿತ್ತು. ಇಷ್ಟೆಲ್ಲ ಅದರಲ್ಲಿ ಹಿಡಿಯುವಂತಿರಲಿಲ್ಲ. ‘ದಾಖಲೆ ಇಲ್ಲ’ ಎಂದು ಬರೆದೆನು. ಅಕ್ಷರ ದುಂಡಾಗಿತ್ತು. ತಖ್ತೆಯನ್ನು ನೋಡಿದ ಮೇಲಿನವರು ಅಚ್ಚುಕಟ್ಟಿಗಾಗಿ ನನ್ನನ್ನು ಹೊಗಳಿದರು.

ಎಂಟು ತಿಂಗಳ ಮೇಲೆ ಗೊತ್ತಾಯಿತು, ಆ ಓಣಿಯನ್ನು ಅಗಲಗೊಳಿಸುವರೆಂದು. ದಾಖಲೆ ಉಳ್ಳವರಿಗೆ ಪರಿಹಾರ ಬಂದಿತು. ಇಲ್ಲವೆಂದು ಬರೆಯಲ್ಪಟ್ಟವರಿಗೆ ಬರಲಿಲ್ಲ. ಮುದುಕಿ ಕಚೇರಿಯ ಮೆಟ್ಟಿಲ ಮೇಲೆ ಎರಡು ದಿನ ಕುಳಿತಿದ್ದಳು. ಕಾಗದವು ಅವಳ ಕೈಯಲ್ಲಿತ್ತು. ಆದರೆ ಅವಧಿ ಮುಗಿದಿತ್ತು. ನಾನು ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದೆನು.

ನಾನು ಮಾಡಿದ ತಪ್ಪೇನು? ಅಳತೆಯಲ್ಲಿ ಒಂದು ವೀಸವೂ ಹೆಚ್ಚುಕಡಿಮೆಯಾಗಿರಲಿಲ್ಲ. ಸುಳ್ಳನ್ನೂ ಬರೆಯಲಿಲ್ಲ, ಆ ದಿನ ಆ ಮನೆಯಲ್ಲಿ ದಾಖಲೆ ಇರಲಿಲ್ಲವೆಂಬುದು ನಿಜವೇ. ಹೇಳಿದುದನ್ನು ಹೇಳಿದಂತೆ, ಫಲವನ್ನೆಣಿಸದೆ ಮಾಡಿದೆನು. ಹಾಗಾದರೆ ನನ್ನ ಸೊಸೆಗೆ ಭೂಷಣವಾದ ಗುಣ ನನಗೇಕೆ ನಲವತ್ತು ವರ್ಷಗಳ ಮೇಲೂ ಮುಳ್ಳಾಗಿ ಉಳಿಯಿತು?

ನನ್ನದು ಸಣ್ಣ ಸಂಗತಿ. ಇದೇ ಪ್ರಶ್ನೆಯನ್ನು ಲೋಕದ ಇತಿಹಾಸವು ಬಹು ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕೆಯ ಟೆನ್ನೆಸ್ಸಿ ಸೀಮೆಯ ಬೆಟ್ಟಗಳ ನಡುವೆ ಓಕ್ ರಿಜ್ ಎಂಬ ಊರು ಗುಟ್ಟಾಗಿ ಎದ್ದಿತು. ೧೯೪೫ರ ವೇಳೆಗೆ ಅಲ್ಲಿ ಸುಮಾರು ೭೫,೦೦೦ ಜನರಿದ್ದರು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಆಗತಾನೆ ಶಾಲೆ ಮುಗಿಸಿದ ಹಳ್ಳಿಯ ಹೆಣ್ಣುಮಕ್ಕಳು ಎತ್ತರದ ಪೀಠಗಳ ಮೇಲೆ ಕುಳಿತು, ಎದುರಿನ ಹಲಗೆಯ ಮುಳ್ಳುಗಳು ಗೊತ್ತಾದ ಗೆರೆಯನ್ನು ಮೀರದಂತೆ ಗುಂಡಿಗಳನ್ನು ತಿರುಗಿಸುತ್ತಿದ್ದರು. ಆ ಯಂತ್ರಗಳು ಏನು ಮಾಡುತ್ತಿದ್ದುವೆಂಬುದನ್ನು ಅವರಿಗೆ ಹೇಳಿರಲಿಲ್ಲ, ಕೇಳುವುದಕ್ಕೂ ಅಪ್ಪಣೆಯಿರಲಿಲ್ಲ. ಅವರು ವಿಜ್ಞಾನಿಗಳಿಗಿಂತ ಚೆನ್ನಾಗಿ ಆ ಕೆಲಸವನ್ನು ಮಾಡಿದರೆಂದು ಪ್ರಸಿದ್ಧಿಯಿದೆ. ಮುಳ್ಳು ಕದಲಿದರೆ ವಿಜ್ಞಾನಿಯು ಅದೇಕೆ ಕದಲಿತೆಂದು ಹುಡುಕಹೋಗುವನು. ಈ ಹುಡುಗಿಯರು ಮುಳ್ಳನ್ನು ಸ್ಥಾನಕ್ಕೆ ತಂದು ಸುಮ್ಮನಾಗುವರು. ೧೯೪೫ರ ಆಗಸ್ಟ್ ೬ರಂದು ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಿತು. ಅದಕ್ಕೆ ಬೇಕಾದ ಯುರೇನಿಯಮ್ ಧಾತುವನ್ನು ಬೇರ್ಪಡಿಸಿದುದು ತಾವು ತಿರುಗಿಸಿದ ಗುಂಡಿಗಳೆಂಬುದು ಅವರಿಗೆ ಆಗ ತಿಳಿಯಿತು. ಒಗಟಿನ ಕೊನೆಯ ಸೂಚನೆಯು ಅವರಿಗೆ ಬಂದುದು ಹೀಗೆ.

ನನ್ನ ಸೊಸೆಯ ಹೊಲಿಗೆ, ನನ್ನ ತಖ್ತೆ, ಆ ಹುಡುಗಿಯರ ಗುಂಡಿ—ಈ ಮೂರೂ ಹೊರನೋಟಕ್ಕೆ ಒಂದೇ. ಮೂರರಲ್ಲಿಯೂ ಭಾಗ ಕಾಣುತ್ತದೆ, ಪೂರ್ಣ ಕಾಣುವುದಿಲ್ಲ. ಮೂರರಲ್ಲಿಯೂ ನಿಷ್ಠೆ ಉಂಟು, ಶಿಸ್ತು ಉಂಟು. ಆದುದರಿಂದ ನಿಷ್ಠೆ, ಶಿಸ್ತುಗಳಿಂದಲೇ ಕೆಲಸವು ಒಳ್ಳೆಯದಾಗುವುದೆಂಬ ನನ್ನ ಮೊದಲ ಸಂತೋಷವು ಅರ್ಧ ತಿಳಿದವನ ಸಂತೋಷ. ಭೇದವನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಮೊದಲನೆಯದಾಗಿ, ಒಗಟು ಬೇರೆ, ಗುಟ್ಟು ಬೇರೆ. ಎರಡರಲ್ಲಿಯೂ ಮುಚ್ಚಿಡುವುದುಂಟು. ಆದರೆ ಒಗಟನ್ನು ಹೇಳುವವರು ಬಿಚ್ಚುವುದಕ್ಕಾಗಿಯೇ ಮುಚ್ಚುತ್ತಾರೆ. ಮುಚ್ಚಿರುವೆನೆಂದು ಮೊದಲೇ ಹೇಳುತ್ತಾರೆ. ಇಂಥ ದಿನ ಬಿಚ್ಚುವೆನೆಂದು ಮಾತು ಕೊಡುತ್ತಾರೆ. ಬಿಚ್ಚಿದಾಗ ಕೇಳುವವರ ಮುಖ ಅರಳುವುದನ್ನು ನೋಡುವುದೇ ಅವರಿಗೆ ಲಾಭ. ಗುಟ್ಟಿನವರು ತಮ್ಮ ಅನುಕೂಲಕ್ಕಾಗಿ ಮುಚ್ಚುತ್ತಾರೆ. ಬಿಚ್ಚುವ ದಿನ ಬರದಿದ್ದರೇ ಅವರಿಗೆ ನೆಮ್ಮದಿ. ಹಬ್ಬದ ರಾತ್ರಿ ಅಜ್ಜಿ ಮೊಮ್ಮಕ್ಕಳಿಗೆ ಒಗಟು ಹಾಕುವುದನ್ನೂ, ಸಾಲಪತ್ರದ ಕೆಳಗಿನ ಸಣ್ಣಕ್ಷರವನ್ನು ಬೆರಳಿನಿಂದ ಮರೆಮಾಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನೂ ಒಂದೇ ಹೆಸರಿನಿಂದ ಕರೆಯಲಾಗದು.

ಎರಡನೆಯದಾಗಿ, ಬಾಗಿಲು ತೆರೆದಿದೆಯೆ ಎಂದು ನೋಡಬೇಕು. ನನ್ನ ಸೊಸೆಯ ಸಂಗಡ ಹೊಲಿಯಲು ತೊಡಗಿದವರಲ್ಲಿ ಕೆಲವರು ಮೂರನೆಯ ವಾರಕ್ಕೆ ಬೇಸತ್ತು ಬಿಟ್ಟರಂತೆ. ಕೆಲವರು ಕೊನೆಯ ಸೂಚನೆ ಬರುವವರೆಗೆ ಅರಿವೆಯನ್ನೇ ಕತ್ತರಿಸದೆ ಕಾದು, ಚಿತ್ರವನ್ನು ನೋಡಿ ಹಿಡಿಸಿದರೆ ಆರಂಭಿಸುವರಂತೆ. ಯಾರೂ ಅವರನ್ನು ಬೈಯಲಿಲ್ಲ. ಬಿಡುವ ಸ್ವಾತಂತ್ರ್ಯವಿದ್ದವರು ಬಿಡದೆ ನಡೆಸಿದರೆ ಅದು ನಂಬಿಕೆ. ಬಿಡಲಾರದವರು ನಡೆಸಿದರೆ ಅದಕ್ಕೆ ನಂಬಿಕೆಯೆಂಬ ದೊಡ್ಡ ಹೆಸರು ಸಲ್ಲದು.

ಮೂರನೆಯದೇ ಮುಖ್ಯವಾದುದು. ಕೌದಿ ಕೆಟ್ಟರೆ ಕೆಡುವುದು ಅರಿವೆ ಮಾತ್ರ. ಅದೂ ಹೊಲಿದವಳ ಸ್ವಂತ ಅರಿವೆ. ಆದರೆ ನನ್ನ ಕತ್ತರಿಗೆ ಸಿಕ್ಕುದು ಮತ್ತೊಬ್ಬರ ಮನೆ. ತನ್ನ ಪಾಲಿನ ಕೊನೆಯನ್ನು ತಾನೇ ಅರಿಯದೆ ನಡೆಯುವುದಕ್ಕೆ ಪ್ರತಿಯೊಬ್ಬನಿಗೂ ಅಧಿಕಾರವುಂಟು. ಇನ್ನೊಬ್ಬರ ಪಾಲಿನ ಕೊನೆಯನ್ನು ಅರಿಯದೆ ನಡೆಯುವುದಕ್ಕೆ ಯಾರಿಗೂ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. “ಹಾಗಾದರೆ ಲೋಕದ ಕೆಲಸ ನಡೆಯುವುದು ಹೇಗೆ? ಒಂದನೆಯ ಇಯತ್ತೆಯ ಮಾಸ್ತರಿಗೆ ತಾನು ಕಲಿಸಿದ ಹುಡುಗ ಮುಂದೆ ಏನಾಗುವನೆಂದು ಗೊತ್ತೆ? ತೂಬಿನ ಹಲಗೆಯನ್ನು ಎತ್ತುವವನಿಗೆ ನೀರು ಯಾರ ಯಾರ ಹೊಲವನ್ನು ಮುಟ್ಟುವುದೆಂದು ಗೊತ್ತೆ? ಪೂರ್ಣವನ್ನು ಕಂಡ ಮೇಲೆಯೇ ಭಾಗವನ್ನು ಮಾಡುವೆನೆಂದು ಹಟ ಹಿಡಿದವನು ಕೈಕಟ್ಟಿ ಕುಳಿತಿರಬೇಕಾದೀತು” ಎಂದು. ಈ ಮಾತು ನಿಜ. ನನ್ನ ಕಚೇರಿಯ ಮೇಲಿನವರಿಗೂ ಬಹುಶಃ ಪೂರ್ಣಚಿತ್ರವು ತಿಳಿದಿರಲಿಲ್ಲ. ಅವರಿಗೂ ಮೇಲಿನಿಂದ ಒಂದು ತುಂಡು ಬಂದಿತ್ತು. ಪೂರ್ಣವನ್ನು ತಿಳಿಯುವುದು ಮನುಷ್ಯನ ಕರ್ತವ್ಯವೆಂದು ನಾನು ಹೇಳುವುದಿಲ್ಲ. ಅದು ಅವನ ಶಕ್ತಿಗೆ ಮೀರಿದುದು.

ಆದರೆ ಯೋಚಿಸಿ ನೋಡಿದರೆ, ಆ ದಿನ ನನಗೆ ಬೇಕಾಗಿದ್ದುದು ಪೂರ್ಣದ ಜ್ಞಾನವೇ ಅಲ್ಲ. ಓಣಿಯು ಅಗಲವಾಗುವುದೆಂದು ನಾನು ತಿಳಿಯಬೇಕಾಗಿರಲಿಲ್ಲ. ನನ್ನೆದುರಿಗೆ ನಿಂತ ಮುದುಕಿ ಒಂದು ಮಾತನ್ನು ಹೇಳಿದ್ದಳು. ಆ ಮಾತನ್ನು ಅವಳು ಹೇಳಿದಂತೆ ಬರೆಯಬೇಕಾಗಿತ್ತು, ಅಷ್ಟೆ. ಅಂಕಣದಲ್ಲಿ ಹಿಡಿಯದಿದ್ದರೆ ಅಂಚಿನಲ್ಲಿ ಬರೆಯಬಹುದಾಗಿತ್ತು. ಅಂಚಿನಲ್ಲೂ ಹಿಡಿಯದಿದ್ದರೆ ಬೇರೆ ಹಾಳೆಯನ್ನು ಹಚ್ಚಬಹುದಾಗಿತ್ತು. ತಖ್ತೆಯ ಅಂದವು ಕೆಡುತ್ತಿತ್ತು. ಅವಳ ಮನೆಯು ಉಳಿಯುತ್ತಿತ್ತೇನೋ. ನಾನು ಮಾಡಿದುದೇನೆಂದರೆ, ಎರಡು ಬೆರಳಿನ ಅಂಕಣಕ್ಕೆ ಸರಿಯಾಗಿ ಒಬ್ಬ ಮನುಷ್ಯಳನ್ನು ಕತ್ತರಿಸಿದೆನು. ಅರಿವೆಯನ್ನು ಅಳತೆಗೆ ಕತ್ತರಿಸಬಹುದು. ಅರಿವೆ ಇರುವುದೇ ಅದಕ್ಕೆ. ಮನುಷ್ಯನು ಯಾರ ಚಿತ್ತಾರಕ್ಕೂ ತುಂಡಲ್ಲ. ಪ್ರತಿಯೊಬ್ಬನೂ ತನ್ನಲ್ಲಿಯೇ ಒಂದು ಪೂರ್ಣ. ದೂರದ ಪೂರ್ಣವು ಕಾಣದಿದ್ದರೂ, ಹತ್ತಿರದಲ್ಲಿ ನಿಂತ ಈ ಪೂರ್ಣವು ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡಲೊಲ್ಲದವನು ಮಾತ್ರ, ಕೊನೆಯು ತನಗೆ ತಿಳಿದಿರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರನು.

ಗೀತೆಯ ಮಾತನ್ನು ನಾನು ಮೊದಲು ಎತ್ತಿದ್ದೆನಷ್ಟೆ. ಅದನ್ನು ನಾನು ತಪ್ಪಾಗಿ ತಿಳಿದಿದ್ದೆನೆಂದು ಈಗ ತೋರುತ್ತದೆ. ಫಲದ ಆಶೆಯನ್ನು ಬಿಡುವುದು ಒಂದು, ಫಲದ ವಿಚಾರವನ್ನು ಬಿಡುವುದು ಇನ್ನೊಂದು. ತನಗೇನು ಬರುವುದೆಂಬ ಎಣಿಕೆಯನ್ನು ಬಿಡೆಂದು ಹೇಳಿದ ಗುರುವು, ಇತರರಿಗೇನಾಗುವುದೆಂಬ ಎಣಿಕೆಯನ್ನು ಬಿಡೆಂದು ಹೇಳಲಿಲ್ಲ; ಲೋಕಸಂಗ್ರಹವನ್ನು ನೋಡಿ ನಡೆಯಬೇಕೆಂದೇ ಹೇಳಿದನು. ಅರ್ಜುನನೂ ಹೇಳಿದುದಕ್ಕೆಲ್ಲ ಹೂಂಗುಟ್ಟಿದ ಶಿಷ್ಯನಲ್ಲ. ಎರಡು ಸೇನೆಗಳ ನಡುವೆ ರಥವನ್ನು ನಿಲ್ಲಿಸಿ, ಅಧ್ಯಾಯದ ಮೇಲೆ ಅಧ್ಯಾಯ ಪ್ರಶ್ನೆ ಕೇಳಿದನು. ಕೃಷ್ಣನಾದರೂ ಹದಿನೆಂಟನೆಯ ಅಧ್ಯಾಯದ ಕೊನೆಯ ಭಾಗದಲ್ಲಿ, ಇದನ್ನೆಲ್ಲ ಪೂರ್ತಿಯಾಗಿ ವಿಮರ್ಶಿಸಿಕೊಂಡು ನಿನಗೆ ತೋರಿದಂತೆ ಮಾಡೆಂದು ಬಿಟ್ಟುಕೊಟ್ಟನು. ಬಾಗಿಲು ಅಲ್ಲಿಯೂ ತೆರೆದೇ ಇತ್ತು. ಇದನ್ನು ಮರೆತು, ಮೇಲಿನವರ ಅಪ್ಪಣೆಗೆ ತಲೆಬಾಗುವ ಸೋಮಾರಿತನಕ್ಕೆ ನಿಷ್ಕಾಮಕರ್ಮವೆಂದು ಹೆಸರಿಡುವವರು ನಮ್ಮಲ್ಲಿ ಬಹಳ ಜನರಿದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆನು.

ಇಷ್ಟು ಹೇಳಿದ ಮೇಲೆ ನಮ್ಮ ಸೀಮೆಯ ಕೌದಿಯ ವಿಷಯವನ್ನೂ ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆ ಸಿದ್ದಿಯರೆಂಬ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾ ಖಂಡದಿಂದ ಬಂದವರ ಸಂತತಿ. ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಈಗ ದೂರದೂರದ ಕಲಾಸಂಗ್ರಹಗಳನ್ನು ಸೇರಿವೆ. ಅವರಿಗೆ ನಕಾಶೆಯೆಂಬುದಿಲ್ಲ. ಹಳೆಯ ಸೀರೆ, ಅಂಗಿ, ಲಂಗಗಳ ಚಿಂದಿಯನ್ನು ರಾಶಿ ಹಾಕಿಕೊಂಡು, ಕೆಳಗೆ ಒಂದು ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಹೊಲಿಗೆಯನ್ನು ಆರಂಭಿಸುತ್ತಾರೆ. ಅಂಚಿನ ಸುತ್ತಲೂ ಬಂದು, ಸುತ್ತು ಸುತ್ತಾಗಿ ಒಳಗೆ ಸಾಗಿ ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಲ್ಲಿ ಅರಿವೆಯನ್ನು ಹಲವು ಮಡಿಕೆಯಾಗಿ ಮಡಿಸಿ ಹೂವನ್ನು ಕೂಡಿಸುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ನನ್ನ ಸೊಸೆಯ ಒಗಟಿನಲ್ಲಿ ಕೊನೆಯನ್ನು ತಿಳಿದವರು ಒಬ್ಬರಾದರೂ ಇದ್ದರು. ಇಲ್ಲಿ ಯಾರೂ ಇಲ್ಲ. ಮುಂದಿನ ಚಿಂದಿ ಯಾವುದೆಂಬುದನ್ನು ಈಗ ಹೊಲಿದ ಚಿಂದಿಯೂ, ಕೈಗೆ ಸಿಕ್ಕ ಬಣ್ಣವೂ, ಹೊಲಿಯುವವಳ ಕಣ್ಣೂ ಕೂಡಿ ನಿರ್ಣಯಿಸುತ್ತವೆ. ಆದರೂ ಮುಗಿದ ಕೌದಿಯಲ್ಲಿ ಒಂದು ಹೊಂದಿಕೆ ಇರುತ್ತದೆ. ಚಿಂದಿಯ ಆಕಾರವನ್ನು ನೋಡಿ ಅದಕ್ಕೆ ಒಪ್ಪುವ ಜಾಗವನ್ನು ಹುಡುಕಿದುದರಿಂದ ಬಂದ ಹೊಂದಿಕೆ ಅದು.

ಬಾಳುವೆಯು ಈ ಎರಡು ಕೌದಿಗಳಲ್ಲಿ ಯಾವುದನ್ನು ಹೋಲುತ್ತದೆ? ಚಿತ್ರವನ್ನು ತಿಳಿದವನೊಬ್ಬನಿದ್ದಾನೆ, ಸೂಚನೆಗಳನ್ನು ಕಾಲಕಾಲಕ್ಕೆ ಕಳಿಸುತ್ತಾನೆ ಎಂದು ನಂಬಿದವರು ಮೊದಲನೆಯದನ್ನು ಹೇಳುವರು. ಹಾಗೆ ನಂಬಲಾರದವರು ಎರಡನೆಯದನ್ನು ಹೇಳುವರು. ಆ ವಾದದಲ್ಲಿ ತೀರ್ಪು ಕೊಡುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಎರಡು ಪಕ್ಷದವರಿಗೂ ಸಲ್ಲುವ ಮಾತೊಂದಿದೆ: ಚಿತ್ರವು ಮೇಲಿನಿಂದ ಬರಲಿ, ಕೈಯಿಂದ ಹುಟ್ಟಲಿ, ಕೈಯಲ್ಲಿರುವ ತುಂಡನ್ನು ನೋಡದೆ ಹೊಲಿದವರ ಕೌದಿ ಎರಡು ದಾರಿಯಲ್ಲಿಯೂ ಕೆಡುತ್ತದೆ.

ಸಂಕ್ರಾಂತಿಗೆ ಎರಡು ದಿನ ಮೊದಲು ಕೊನೆಯ ಸೂಚನೆ ಬಂದಿತು. ಪಡಸಾಲೆಯ ಚಾಪೆಯ ಮೇಲೆ ತುಂಡುಗಳನ್ನೆಲ್ಲ ಹರಡಿ, ಮನೆಯವರೆಲ್ಲ ಸುತ್ತ ಕುಳಿತೆವು. ನಡುವೆ ಒಂದು ದೊಡ್ಡ ನಕ್ಷತ್ರ, ಸುತ್ತ ಸಣ್ಣ ನಕ್ಷತ್ರಗಳು. ಎಲ್ಲರೂ “ಆಹಾ” ಎಂದರು. ಆದರೆ ಒಂದು ಮೂಲೆಯ ನಕ್ಷತ್ರ ಮಾತ್ರ ಸರಿಯಾಗಿ ಕಾಣಲಿಲ್ಲ. ಅರಿವೆ ಸಾಲದೆ ಬಂದಾಗ ಅವಳು ತನ್ನ ಅಜ್ಜಿಯ ಹಳೆಯ ಸೀರೆಯೊಂದರ ತಿಳಿಹಸಿರನ್ನು ಅಲ್ಲಿ ಸೇರಿಸಿದ್ದಳು. ಗಾಢವಾದ ಹಸಿರು ಇರಬೇಕಾದ ಕಡೆ ತಿಳಿಯಾದುದು ಬಂದು, ನಕ್ಷತ್ರವು ನೆಲದ ಬಣ್ಣದಲ್ಲಿ ಕರಗಿಹೋಗಿತ್ತು.

“ಬಿಚ್ಚಿ ಬ್ಯಾರೆ ಹಚ್ಚತೀಯೇನವ್ವಾ?” ಎಂದು ಕೇಳಿದೆನು.

ಅವಳು ಬಹಳ ಹೊತ್ತು ಅದನ್ನು ನೋಡುತ್ತ ಕುಳಿತಳು. ಆಮೇಲೆ, “ಬ್ಯಾಡ್ರೀ ಮಾಮಾ. ಅಜ್ಜೀ ಸೀರಿ ಅಲ್ಲೇ ಇರಲಿ. ಇದ್ದದ್ದು ನನಗ ಗೊತ್ತದ,” ಎಂದಳು.

ಚಿತ್ತಾರಕ್ಕಾಗಿ ತುಂಡನ್ನು ತೆಗೆಯುವ ಅಧಿಕಾರ ಅವಳಿಗೆ ಪೂರ್ಣವಾಗಿತ್ತು. ಕೌದಿ ಅವಳದು, ಸೀರೆಯೂ ಅವಳದು. ಆದರೂ ತೆಗೆಯಲಿಲ್ಲ. ನನಗಾದರೋ ಆ ಅಧಿಕಾರವಿರಲಿಲ್ಲ, ಆದರೂ ತೆಗೆದಿದ್ದೆನು. ಆ ಓಣಿ ಈಗ ಅಗಲವಾದ ರಸ್ತೆಯಾಗಿದೆ. ಅದರ ಮೇಲೆ ನಡೆಯುವಾಗ ಕೊನೆಯ ಮನೆಯು ಎಲ್ಲಿತ್ತೆಂಬುದನ್ನು ಈಗಲೂ ಗುರುತಿಸಬಲ್ಲೆನು. ಅದರ ಅಳತೆಯೂ ನನಗೆ ನೆನಪಿದೆ. ಮುದುಕಿಯ ಹೆಸರು ಮಾತ್ರ ಮರೆತುಹೋಗಿದೆ.